ನಿದ್ದೆ ರ‍್ಯಾಕಿಗೆ ನಂಬರಿಲ್ಲ

ನಗುವುದಕ್ಕೆ ಏನಾದರೂ ಸಿಗುತ್ತದಾ ಅಂತ ಜನ ಎಲ್ಲೆಲ್ಲೋ ಹುಡುಕಿಕೊಂಡು ಹೋಗುತ್ತಾರೆ. ನಾನು ಮಾತ್ರ ಎಗ್ಮೋರಿನ ನಮ್ಮ ಕನ್ನಡ ಸಂಘದ ಮಹಡಿಯ ಮೇಲೆ, ಲೈಬ್ರರಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತೇನೆ. ನಗುವ ಸಂಗತಿಗಳು ತಾವಾಗಿಯೇ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಒಳಗೆ ಬರುತ್ತವೆ.

ನಾನು ಸ್ಕೂಲು ಕಂಡವನಲ್ಲ. ಮೀಸೆ ಮೂಡುವ ಮುಂಚೆ ಕೊಳ್ಳೇಗಾಲದಿಂದ ಮದರಾಸಿಗೆ ಬಂದು ಇದೇ ಸಂಘದ ಅಡುಗೆಮನೆಗೆ ಸೇರಿದೆ. ನಾನು ಒಗ್ಗರಣೆ ಹಾಕಿದರೆ ಎಗ್ಮೋರಿನಿಂದ ಹೊರಡುವ ರೈಲು ಐದು ನಿಮಿಷ ತಡವಾಗುತ್ತಿತ್ತು. ಗಾರ್ಡು ಹಸಿರು ಬಾವುಟ ಹಿಡಿದುಕೊಂಡು, ಮೂಗು ಈ ಕಡೆ ತಿರುಗಿಸಿ ನಿಂತುಬಿಡುತ್ತಿದ್ದ. ಬೇಕಾದರೆ ಅವನನ್ನೇ ಕೇಳಿ ಅನ್ನುತ್ತಿದ್ದೆ. ಅವನು ಈಗಿಲ್ಲ, ಅಷ್ಟೇ. ಆಮೇಲೆ ನನ್ನನ್ನು ಲೈಬ್ರರಿಗೆ ಅಟೆಂಡರ್ ಮಾಡಿದರು. ಅಕ್ಷರ ಕಲಿತದ್ದು ಅಲ್ಲೇ, ರ‍್ಯಾಕಿನಲ್ಲಿ ನಿಂತ ಪುಸ್ತಕಗಳ ಬೆನ್ನು ನೋಡಿ. ಅದಕ್ಕೇ ಇವತ್ತಿಗೂ ಪೇಪರ್ ಓದಬೇಕಾದರೆ ನನ್ನ ಕತ್ತು ತಾನಾಗಿ ಬಲಕ್ಕೆ ವಾಲುತ್ತದೆ.

ಇಂಥ ಲೈಬ್ರರಿಗೆ ಹೋದ ವರ್ಷ ಆಪತ್ತು ಬಂತು. ನಮ್ಮ ಸೆಕ್ರೆಟರಿ ಸಾಹೇಬರಿಗೆ ಕೆಳಗಿನ ಊಟದ ಹಾಲ್ ಚಿಕ್ಕದು ಅನ್ನಿಸಿತು. ಮೇಲಿನ ರೂಮನ್ನೂ ಪಂಕ್ತಿಗೆ ಸೇರಿಸಿಕೊಂಡು, ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಗೋಡೌನಿಗೆ ಹಾಕೋಣ ಅಂದರು. ಕಮಿಟಿಯವರು ಒಂದು ಕೊನೆಯ ಅವಕಾಶ ಕೊಟ್ಟರು. ಓದಿ ಡಿಗ್ರಿ ಪಡೆದ ಒಬ್ಬ ಲೈಬ್ರೇರಿಯನ್ನನ್ನು ತಂದು ಎಲ್ಲ ಸರಿಮಾಡಿಸುವುದು. ಪೊಂಗಲ್ ಮುಗಿದ ಮೇಲೆ ರಿಟೈರಾದ ಪ್ರೊಫೆಸರ್ ಒಬ್ಬರು ಹತ್ತು ಚೀಟಿ ಹಿಡಿದು ಬರುತ್ತಾರೆ. ಚೀಟಿಯಲ್ಲಿರುವ ಪುಸ್ತಕವನ್ನು ಮೂರು ನಿಮಿಷದೊಳಗೆ ಕೈಗೆ ಕೊಡಬೇಕು. ಹತ್ತರಲ್ಲಿ ಒಂದು ತಪ್ಪಿದರೂ ರೂಮು ಹೋಯಿತು. ರೂಮಿನ ಜೊತೆ ನನ್ನ ಸ್ಟೂಲೂ ಹೋಯಿತು.

ಬಗ್ಗಲಾರದವರ ಪುಸ್ತಕಗಳು

ಹೊಸ ಲೈಬ್ರೇರಿಯನ್ ಮೇಡಂ ಮೈಸೂರಿನ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಬಂದ ದಿನವೇ ರ‍್ಯಾಕುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಯಜಮಾನರೇ, ಇದನ್ನೆಲ್ಲ ಜೋಡಿಸಿದ್ದು ಯಾರು?" ಅಂದರು. ನಾನೇ ಅಂದೆ, ಎದೆ ಉಬ್ಬಿಸಿಕೊಂಡು.

"ಈ ರ‍್ಯಾಕು ಯಾವ ವಿಷಯದ್ದು?"

"ಮೊಣಕಾಲು ನೋವಿಂದು ಮೇಡಂ."

"ಒಂದು ಕಾದಂಬರಿ, ಒಂದು ಜ್ಯೋತಿಷ್ಯ, ಒಂದು ಇಂಗ್ಲಿಷ್ ಡಿಕ್ಷನರಿ. ಇದರಲ್ಲಿ ಮೊಣಕಾಲು ಎಲ್ಲಿದೆ?"

"ಪುಸ್ತಕದಲ್ಲಿಲ್ಲ ಮೇಡಂ, ಓದುವವರಲ್ಲಿದೆ. ಅವರು ಬಗ್ಗಲಾರರು, ಅದಕ್ಕೇ ಸೊಂಟದ ಮಟ್ಟಕ್ಕೆ ಇಟ್ಟಿದ್ದೀನಿ."

ನನ್ನ ಪದ್ಧತಿಯೇ ಹಾಗೆ. ಪುಸ್ತಕದೊಳಗೆ ಏನಿದೆ ಅಂತ ಓದದವನಿಗೆ ಹೇಗೆ ಗೊತ್ತಾಗಬೇಕು? ಯಾರು ಒಯ್ಯುತ್ತಾರೆ ಅನ್ನುವುದು ಗೊತ್ತು. ಮಗಳ ಮದುವೆಗೆ ಗಂಡು ಹುಡುಕುತ್ತಿರುವವರಿಗೆ ಒಂದು ರ‍್ಯಾಕು. ಕೆಳಗೆ ಹೆಂಡತಿಯ ಕಡೆಯ ಸಮಾರಂಭ ಮುಗಿಯಲಿ ಅಂತ ಮೇಲೆ ಬಂದು ಅವಿತುಕೊಳ್ಳುವ ಗಂಡಸರಿಗೆ ಬಾಗಿಲ ಹತ್ತಿರ ತೆಳ್ಳನೆಯ ಪುಸ್ತಕಗಳದ್ದು ಒಂದು. ಕಂಬದ ಹಿಂದೆ, ಬೆಳಕು ಕಮ್ಮಿ ಇರುವ ಕಡೆ, ನಿದ್ದೆ ಬಾರದವರ ರ‍್ಯಾಕು.

ಈ ನಿದ್ದೆ ರ‍್ಯಾಕಿಗೆ ಒಬ್ಬ ರಾಜ ಇದ್ದಾನೆ. ಆರು ನೂರು ಪುಟದ ಕಾಶಿಯಾತ್ರೆ. ರೈಲು ಮದರಾಸು ಬಿಡುವುದೇ ನೂರ ಎಂಬತ್ತನೇ ಪುಟದಲ್ಲಿ. ಬರೆದವರು ಯಾರು ಅಂತ ಆಮೇಲೆ ಹೇಳುತ್ತೇನೆ. ಐದು ಪ್ರತಿಗಳಿವೆ, ಒಂದೂ ರ‍್ಯಾಕಿನಲ್ಲಿ ನಿಂತದ್ದಿಲ್ಲ. ಒಬ್ಬರು ಇದನ್ನು ಬಸ್ಸಿನಲ್ಲಿ ಬಿಚ್ಚಿದರು. ಇಲ್ಲೇ ಪುರಸವಾಕ್ಕಂನಲ್ಲಿ ಇಳಿಯಬೇಕಾದವರು ಊರಾಚೆಯ ಎಣ್ಣೂರಿನಲ್ಲಿ ಎದ್ದರು. ಪಕ್ಕದ ಸೀಟಿನವರು ಸುಮ್ಮನೆ ಒಂದು ಸಲ ಪುಟ ಇಣುಕಿ ನೋಡಿದ್ದರಂತೆ. ಅವರು ಎದ್ದದ್ದೂ ಎಣ್ಣೂರಿನಲ್ಲೇ.

ಅಡುಗೆಯ ಪಕ್ಕದಲ್ಲಿ ಆಸ್ಪತ್ರೆ

ಮೇಡಂ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಲೋಕದಲ್ಲಿರುವ ಎಲ್ಲ ವಿಷಯಕ್ಕೂ ಒಂದೊಂದು ನಂಬರು ಇದೆಯಂತೆ. ವಿಷಯ ಸಣ್ಣದಾದಷ್ಟೂ ನಂಬರು ಉದ್ದ, ನಡುವೆ ಒಂದು ಚುಕ್ಕೆ. ನಂಬರಿನ ಪ್ರಕಾರ ಜೋಡಿಸಿದರೆ ಹತ್ತಿರದ ವಿಷಯಗಳು ಹತ್ತಿರ ನಿಲ್ಲುತ್ತವೆ. ಒಪ್ಪಿದೆ. ಪುಸ್ತಕಗಳನ್ನೆಲ್ಲ ಇಳಿಸಿ, ಮೇಡಂ ಕಂಪ್ಯೂಟರಿನಲ್ಲಿ ನೋಡಿ ಹೇಳಿದ ಹಾಗೆ ಮತ್ತೆ ಏರಿಸಿದೆ. ಒಂದೊಂದು ಸಲಕ್ಕೆ ನೂರು ಪುಸ್ತಕ ತಲೆಯ ಮೇಲೆ ಹೊತ್ತೆ. ನೀವು ನಂಬಿದರೂ ಸರಿ, ಬಿಟ್ಟರೂ ಸರಿ.

ಆ ವಾರ ಮಾಮಿ ಬಂದರು. ಮಾಮಿ ಅಂದರೆ ಪಕ್ಕದ ಬೀದಿಯವರು, ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ಮನೆತನ. ಒಂದು ವಾಕ್ಯ ಕನ್ನಡದಲ್ಲಿ ಶುರುವಾದರೆ ತಮಿಳಿನಲ್ಲಿ ಮುಗಿಯುತ್ತದೆ. ಅವರು ಒಯ್ಯುವ ಅಡುಗೆ ಪುಸ್ತಕವನ್ನು ನಾನು ಮೊದಲು ಕಿಟಕಿ ಹತ್ತಿರ ಇಡುತ್ತಿದ್ದೆ. ಈಗ ಅಡುಗೆ 641, ವೈದ್ಯ 610, ಎರಡಕ್ಕೂ ಒಂದೇ ರ‍್ಯಾಕು. ಮಾಮಿ ನೋಡುತ್ತಾರೆ, ಮೇಲಿನ ಸಾಲಿನಲ್ಲಿ ಹೊಟ್ಟೆಹುಣ್ಣು, ಅದರ ಪಕ್ಕ ಅಜೀರ್ಣ, ಅದರ ಪಕ್ಕ ವಿಷ ಕುಡಿದವರಿಗೆ ಮೊದಲ ಚಿಕಿತ್ಸೆ, ಕೆಳಗಿನ ಸಾಲಿನಲ್ಲಿ ಇವರ ಹುಳಿ, ಪಲ್ಯ, ಉಪ್ಪಿನಕಾಯಿ.

ಮೇಡಂ ಓಡಿಬಂದು, ಎರಡೂ ಮನುಷ್ಯನ ಉಪಯೋಗಕ್ಕೆ ಬರುವ ವಿದ್ಯೆಗಳು, ಒಂದಕ್ಕೊಂದು ಸಂಬಂಧ ಇದೆ ಅಂತ ವಿವರಿಸಿದರು. ಮಾಮಿ ಬೇಜಾರು ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಹೇಳಿದರು: "ಸಂಬಂಧ ಇದೆ ಅಂತ ನಮ್ಮ ಮಾಪ್ಪಿಳ್ಳೆ, ಅದೇ ನಮ್ಮ ಅಳಿಯ, ಇಪ್ಪತ್ತು ವರ್ಷದಿಂದ ಸೊಲ್ಲಿಕೊಂಡೇ, ಹೇಳಿಕೊಂಡೇ ಇದಾನಮ್ಮ. ನಿನ್ನ ಕಂಪ್ಯೂಟರ್‌ಗೂ ಅವನೇ ಸೊಲ್ಲಿದನಾ?"

ಹಳೇ ನಂಬರು, ಹೊಸ ನಂಬರು

ಆಮೇಲೆ ಲೇಬಲ್ ಬರೆದು ಅಂಟಿಸುವ ಕೆಲಸ. ಪ್ರತಿ ಪುಸ್ತಕದ ಬೆನ್ನಿಗೂ ಹೊಸ ನಂಬರು ಹಚ್ಚಿ ಅಂತ ಮೇಡಂ ಹೇಳಿದರು. ಹಳೆಯ ಕಾಲದಲ್ಲಿ ಸಂಘದವರು ಹಾಕಿದ್ದ ಒಂದು, ಎರಡು, ಮೂರು ಅನ್ನುವ ನಂಬರುಗಳೂ ಇದ್ದವು. ಅವನ್ನು ತೆಗೆಯಿರಿ ಅಂತಲೂ ಹೇಳಿದ್ದರಂತೆ. ನನ್ನ ತಲೆ ಅದನ್ನು ಒಪ್ಪಲಿಲ್ಲ.

ಯಾಕೆ ಅಂದರೆ ನಾನು ಚೆನ್ನೈಯವನು. ಈ ಊರಿನಲ್ಲಿ ಯಾವ ಮನೆಗೆ ಒಂದೇ ನಂಬರಿದೆ ಹೇಳಿ? ಕಾರ್ಪೊರೇಷನ್ನಿನವರು ಹೊಸ ನಂಬರು ಕೊಟ್ಟು ಎಷ್ಟು ಕಾಲವಾಯಿತೋ, ಇವತ್ತಿಗೂ ಮದುವೆ ಪತ್ರಿಕೆಯಲ್ಲಿ ಹಳೇ ನಂಬರ್ ಇಷ್ಟು, ಹೊಸ ನಂಬರ್ ಇಷ್ಟು ಅಂತ ಎರಡನ್ನೂ ಹಾಕಬೇಕು. ಒಂದು ಬಿಟ್ಟರೆ ಉಡುಗೊರೆ ಎದುರು ಮನೆಗೆ ಹೋಗುತ್ತದೆ. ನಾನು ಮೂರು ದಿನ ಕೂತು ಬರೆದೆ: "ಹಳೇ ನಂ. 212, ಹೊಸ ನಂ. 894.814". ಕನ್ನಡ ಸಾಹಿತ್ಯಕ್ಕೆಲ್ಲ ಇದೇ ಹೊಸ ನಂಬರು, ಒಂದು ಬೀದಿಯ ಮನೆಗಳಿಗೆಲ್ಲ ಒಂದೇ ಡೋರ್ ನಂಬರು ಕೊಟ್ಟ ಹಾಗೆ. ಇಷ್ಟು ಸಾಲದು ಅನ್ನಿಸಿ ಕೆಳಗೆ ಗುರುತೂ ಸೇರಿಸಿದೆ: "ಎರಡನೇ ಫ್ಯಾನಿನ ಎದುರು, ಕಂಬದ ಪಕ್ಕ."

ಮೇಡಂ ಒಂದು ಪುಸ್ತಕ ತೆಗೆದು ಓದಿದರು. ಇನ್ನೊಂದು ತೆಗೆದು ಓದಿದರು. ಆಮೇಲೆ ತುಂಬ ಶಾಂತವಾಗಿ, "ಯಜಮಾನರೇ, ಪಿನ್‌ಕೋಡ್ ಬಿಟ್ಟುಹೋಗಿದೆ" ಅಂದರು.

ಅದೇ ಹೊತ್ತಿಗೆ ಕೊರಿಯರ್‌ನವನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಸಂಘ ಹುಡುಕಿಕೊಂಡು ಅರ್ಧ ಗಂಟೆ ಸುತ್ತಿದ್ದನಂತೆ. ಮೇಜಿನ ಮೇಲಿದ್ದ ಪುಸ್ತಕದ ಲೇಬಲ್ ನೋಡಿದ, ಮೇಡಂ ಕಡೆ ತಿರುಗಿದ. ಈ ಬೀದಿಯಲ್ಲಿ ಸರಿಯಾಗಿ ಅಡ್ರೆಸ್ ಬರೆಯುವವರು ಇವರೊಬ್ಬರೇ ಅಂತ ತಮಿಳಿನಲ್ಲಿ ನನಗೆ ಸರ್ಟಿಫಿಕೇಟ್ ಕೊಟ್ಟು ಇಳಿದುಹೋದ.

ಜಿರಳೆಗಳ ಪೊಂಗಲ್

ಎಲ್ಲ ಕಿತ್ತು ಮತ್ತೆ ಬರೆದದ್ದಾಯಿತು. ಈ ಸಲ ಮೇಡಂ ತಾವೇ ಬರೆದರು, ಅಂಟಿಸುವುದು ಮಾತ್ರ ನನ್ನ ಪಾಲು. ಅಂಗಡಿಯ ಸ್ಟಿಕ್ಕರು ಈ ಊರಿನ ಬೆವರಿಗೆ ನಿಲ್ಲುವುದಿಲ್ಲ, ನಾನೇ ಗೋಂದು ಕಾಯಿಸುತ್ತೇನೆ ಅಂದೆ. ನಾನು ಕಾಯಿಸಿದ ಗೋಂದಿನಿಂದ ಹಿಂದೊಮ್ಮೆ ಒಡೆದ ಕಡಪಾ ಕಲ್ಲನ್ನು ಅಂಟಿಸಿದ್ದೆ. ಆಮೇಲೆ ಕಲ್ಲು ಬೇರೆ ಕಡೆ ಒಡೆಯಿತೇ ಹೊರತು ಅಲ್ಲಿ ಬಿಡಲಿಲ್ಲ.

ಪೊಂಗಲ್ ರಜೆಗೆ ಮುಂಚಿನ ದಿನ ಸಾವಿರಾರು ಪುಸ್ತಕಕ್ಕೆ ಲೇಬಲ್ ಹಚ್ಚಿ, ಒಣಗಲಿ ಅಂತ ಮೇಜು, ಬೆಂಚು, ನೆಲ, ಕಿಟಕಿ ಎಲ್ಲ ಕಡೆ ಹರಡಿ, ಬೀಗ ಹಾಕಿಕೊಂಡು ಹೋದೆವು. ನಾಲ್ಕು ದಿನ ಬಿಟ್ಟು ಬಾಗಿಲು ತೆಗೆದರೆ ಒಂದು ಪುಸ್ತಕದ ಬೆನ್ನ ಮೇಲೂ ಲೇಬಲ್ ಇಲ್ಲ. ಜಿರಳೆಗಳು ಎಲ್ಲವನ್ನೂ ತಿಂದು ನಯವಾಗಿ ಒರೆಸಿಟ್ಟಿದ್ದವು. ನಮ್ಮನ್ನು ಕಂಡು ಒಂದೂ ಓಡಲಿಲ್ಲ. ಓಡುವ ಸ್ಥಿತಿಯಲ್ಲಿರಲಿಲ್ಲ. ಒಂದಂತೂ ಅಂಗಾತ ಮಲಗಿ ಹೊಟ್ಟೆ ಸವರಿಕೊಳ್ಳುತ್ತಿತ್ತು, ನಾನೇ ಕಣ್ಣಾರೆ ಕಂಡೆ.

"ಗೋಂದಿಗೆ ಏನು ಹಾಕಿದ್ರಿ?" ಅಂದರು ಮೇಡಂ.

"ಮೈದಾ."

"ಹುಳ ಬರದ ಹಾಗೆ ಮೈಲುತುತ್ತ ಹಾಕಬೇಕಲ್ಲ?"

"ಅದು ವಿಷ ಮೇಡಂ. ನಾನು ಅಡುಗೆ ಮಾಡಿದ ಕೈ. ಅದರ ಬದಲು ಸ್ವಲ್ಪ ಬೆಲ್ಲ."

"ಮತ್ತೆ?"

"ಏಲಕ್ಕಿ."

ಮೇಡಂ ಅಲ್ಲೇ ನೆಲದ ಮೇಲೆ ಕೂತರು. ಮಾರನೇ ದಿನ ಹನ್ನೊಂದಕ್ಕೆ ಪ್ರೊಫೆಸರ್ ಬರುವವರು. ಕಂಪ್ಯೂಟರಿನಲ್ಲಿ ನಂಬರುಗಳಿದ್ದವು, ಪುಸ್ತಕದ ಮೇಲೆ ಇಲ್ಲ. ಒಂದೊಂದೇ ಹುಡುಕಿ ಜೋಡಿಸಲು ತಿಂಗಳು ಬೇಕು. ನನ್ನ ಹಳೇ ಪದ್ಧತಿಗೆ ಬಿಟ್ಟರೆ ಸಂಜೆಯೊಳಗೆ ಮುಗಿಸುತ್ತೇನೆ ಅಂದೆ. ಅವರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಗೋಡಂಬಿ, ದ್ರಾಕ್ಷಿ ಏನೂ ಹಾಕಿಲ್ಲ ತಾನೇ ಅಂತ ಮಾತ್ರ ಕೇಳಿದರು. ಛೇ, ಅಷ್ಟು ತಿಳಿವಳಿಕೆ ಇಲ್ಲವಾ ನನಗೆ?

ಮೂಗಿನ ಕ್ಯಾಟಲಾಗು

ಶನಿವಾರ ಹನ್ನೊಂದಕ್ಕೆ ಪ್ರೊಫೆಸರ್ ಬಂದು ಕೂತರು. ಬಡಕಲು ಮೈ, ಕೆಂಪು ಕಣ್ಣು. ಪಕ್ಕದಲ್ಲಿ ಸೆಕ್ರೆಟರಿ ಸಾಹೇಬರು ವಾಚು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡರು. ಅವರ ಕಿಸೆಯಲ್ಲಿ ಅಳತೆ ಟೇಪು ಇತ್ತು. ಊಟದ ಮೇಜು ಎಷ್ಟು ಹಿಡಿಸುತ್ತದೆ ಅಂತ ಬರುವಾಗಲೇ ಅರ್ಧ ಗೋಡೆ ಅಳೆದಿದ್ದರು.

ಮೊದಲ ಚೀಟಿ, ಒಂದು ಗಣಿತದ ಪುಸ್ತಕ. ಮೇಡಂ ಕಂಪ್ಯೂಟರಿನಲ್ಲಿ ಬೆರಳಾಡಿಸುವಷ್ಟರಲ್ಲಿ ನಾನು ತಂದಿಟ್ಟೆ. ಹೇಗೆ ಸಿಕ್ಕಿತು ಅಂತ ಪ್ರೊಫೆಸರ್ ಕೇಳಿದರು. ಇದನ್ನು ಓದುವವರು ಕ್ರೋಂಪೇಟೆಯವರು, ಮನೆ ಟ್ಯಾನರಿ ಪಕ್ಕ, ಮೂಸಿ ನೋಡಿ ಅಂದೆ. ಪ್ರೊಫೆಸರ್ ಮೂಸಿದರು. ಹದ ಮಾಡಿದ ತೊಗಲಿನ ವಾಸನೆ. ಎರಡನೆಯದು ಎಣ್ಣೂರಿನ ಇಂಜಿನಿಯರ್ ಒಯ್ಯುವ ಪುಸ್ತಕ; ಕೊಡವಿದೆ, ಕರೆಂಟ್ ತಯಾರಿಸುವ ಕಡೆಯ ಬೂದಿ ಉದುರಿತು. ಒಂದರಿಂದ ಒಣಮೀನಿನ ವಾಸನೆ, ಒಂದರೊಳಗೆ ಯಾರದೋ ಮಗಳ ಜಾತಕ. ಒಂಬತ್ತೂ ಸಿಕ್ಕಿದವು. ಅಷ್ಟು ಹೊತ್ತಿಗೆ ಸೆಕ್ರೆಟರಿಯವರು ಟೇಪನ್ನು ಕಿಸೆಯೊಳಗೆ ಇನ್ನಷ್ಟು ಕೆಳಕ್ಕೆ ತಳ್ಳಿದ್ದರು.

"ಇದು ಯಾವ ಪದ್ಧತಿಯಮ್ಮ?" ಅಂದರು ಪ್ರೊಫೆಸರ್.

ಮೇಡಂ ಮುಖದ ಗೆರೆ ಅಲುಗಿಸದೆ, "ಓದುಗ ಕೇಂದ್ರಿತ ವರ್ಗೀಕರಣ ಸರ್" ಅಂದರು.

ಪ್ರೊಫೆಸರ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನು ಮಾಡುತ್ತಿರುವುದಕ್ಕೆ ಇಷ್ಟು ಉದ್ದದ ಹೆಸರಿದೆ ಅಂತ ಮೊದಲೇ ಗೊತ್ತಿದ್ದರೆ ಸ್ಟೂಲಿನ ಬದಲು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ.

ಹತ್ತನೇ ಚೀಟಿ

ಹತ್ತನೇ ಚೀಟಿ ಬರೆದವರು ಸೆಕ್ರೆಟರಿಯವರೇ. ಮೇಡಂ ಓದಿದರು, ನನ್ನ ಕಡೆ ನೋಡಿದರು. ಕಾಶಿಯಾತ್ರೆ. ಈಗ ಹೇಳಬಹುದು: ಆ ಆರು ನೂರು ಪುಟ ಬರೆದದ್ದು ನಮ್ಮ ಸೆಕ್ರೆಟರಿ ಸಾಹೇಬರೇ. ಐದು ಪ್ರತಿ ದಾನ ಕೊಟ್ಟವರೂ ಅವರೇ. ಐದೂ ಧೂಳು ತಿನ್ನುತ್ತ ಇಲ್ಲೇ ಎಲ್ಲೋ ಬಿದ್ದಿರುತ್ತವೆ, ಇವರಿಗೆ ಸಿಗುವುದಿಲ್ಲ ಅನ್ನುವುದು ಅವರ ಲೆಕ್ಕಾಚಾರ.

ನಿದ್ದೆ ರ‍್ಯಾಕು ಖಾಲಿ. ಐದೂ ಹೊರಗೆ ಹೋಗಿವೆ ಅಂದೆ.

"ರ‍್ಯಾಕಲ್ಲಿ ಇಲ್ಲ ಅಂದ್ಮೇಲೆ ಸಿಗಲಿಲ್ಲ ಅಂತಲೇ ಅರ್ಥ" ಅಂದರು ಸೆಕ್ರೆಟರಿ. ಟೇಪು ಹೊರಗೆ ಬಂತು. ಮೇಡಂ ತುಟಿ ಕಚ್ಚಿಕೊಂಡರು.

"ಮೂರು ನಿಮಿಷ ಇದೆ ತಾನೇ ಸಾರ್?" ಅಂದೆ. ಯಾವ ಪುಸ್ತಕ ಯಾರ ಮನೆಯಲ್ಲಿದೆ, ಯಾವತ್ತು ವಾಪಸ್ ಬರಬೇಕು, ಎಲ್ಲ ನನ್ನ ತಲೆಯಲ್ಲಿದೆ. ಮಾಮಿಯ ಹದಿನೈದು ದಿನ ಅವತ್ತಿಗೆ ಮುಗಿಯುತ್ತಿತ್ತು. ಮಾಮಿ ಗಡುವು ಮೀರಿದವರಲ್ಲ. ಶನಿವಾರ ದೇವಸ್ಥಾನ ಮುಗಿಸಿ ನೇರ ಇಲ್ಲಿಗೇ. ಒಂದು ನಿಮಿಷವಾಯಿತು. ಎರಡಾಯಿತು. ನನ್ನ ಬೆವರಿಗೆ ಸ್ಟೂಲು ಒದ್ದೆಯಾಯಿತು. ಆಗ ಕೆಳಗಿನ ಮೆಟ್ಟಿಲಲ್ಲಿ ಚಪ್ಪಲಿಯ ಟಪ್ ಟಪ್. ವಾಚಿನ ಮುಳ್ಳು ಇನ್ನೇನು ದಾಟಬೇಕು, ಮಾಮಿ ಒಳಗೆ ಬಂದು ಆ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಧಪ್ ಅಂತ ಇಟ್ಟರು.

"ಇದೇನು ಹೊರಗಿಂದ ಬಂದದ್ದು, ಲೆಕ್ಕಕ್ಕಿಲ್ಲ" ಅಂತ ಶುರುಮಾಡಿದ ಸೆಕ್ರೆಟರಿಯವರಿಗೆ ಅದು ಯಾವ ಪುಸ್ತಕ ಅನ್ನುವುದು ಆಮೇಲೆ ಹೊಳೆಯಿತು. ದನಿ ಇಳಿಯಿತು. "ಮಾಮಿ, ಇದನ್ನ ನೀವು ಓದ್ತೀರಾ?"

ನಾನು ದೇವರಿಗೆ ಕೈಮುಗಿದೆ. ಮಾಮಿಗೆ ಬರೆದವರು ಯಾರಂತ ಗೊತ್ತಿಲ್ಲ, ಸುಳ್ಳು ಹೇಳಿ ಅಭ್ಯಾಸವೂ ಇಲ್ಲ.

"ಐಯೋ, ಇದಿಲ್ಲದೆ ಒಂದು ದಿನ ಮುಡಿಯಲ್ಲಪ್ಪಾ, ಆಗೋದೇ ಇಲ್ಲ ನನಗೆ. ತಲೆದಿಂಬಿನ ಪಕ್ಕವೇ ಇಟ್ಕೋತೀನಿ. ನಮ್ಮ ಓರಗಿತ್ತಿಗೂ ಸೊಲ್ಲಿದೀನಿ. ಇದಕ್ಕೆ ಕ್ಯೂ ಇದೆ ಗೊತ್ತಾ, ಹನ್ನೊಂದು ಜನ."

ಸೆಕ್ರೆಟರಿ ಸಾಹೇಬರ ಕಣ್ಣಲ್ಲಿ ನೀರಾಡಿತು. ಟೇಪನ್ನು ಸುತ್ತಿ ಸುತ್ತಿ ಗೋಲಿಯಷ್ಟು ಮಾಡಿ ಕಿಸೆಗೆ ಹಾಕಿದರು. ಹತ್ತಕ್ಕೆ ಹತ್ತು ಅಂತ ಅವರೇ ಸಾರಿದರು. ಜನ ಊಟವನ್ನು ಎಲ್ಲಿ ಬೇಕಾದರೂ ಮಾಡಬಹುದು, ಇಂಥ ಲೈಬ್ರರಿ ಇನ್ನೆಲ್ಲಿ ಸಿಗುತ್ತದೆ ಅಂದರು. ಎಲ್ಲರಿಗೂ ಕಾಫಿ ತರಲು ನನ್ನನ್ನು ಕಳಿಸಿದರು. ನಾನು ಹೊರಡುವಾಗ, ತಮ್ಮ ಪುಸ್ತಕ ಯಾವ ವಿಭಾಗದಲ್ಲಿರುತ್ತದೆ ಅಂತ ಕೇಳಿದರು. ಆ ವಿಭಾಗಕ್ಕೆ ಇನ್ನೂ ನಂಬರು ಕೊಟ್ಟಿಲ್ಲ ಅಂದೆ.

ಕಾಫಿ ಹಿಡಿದು ವಾಪಸ್ ಬಂದಾಗ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ್ದರು. ಪ್ರೊಫೆಸರ್ ಕಾಶಿಯಾತ್ರೆ ಬಿಚ್ಚಿ, ಮೂರನೇ ಪುಟದ ಮೇಲೆ ಗಲ್ಲ ಊರಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಸೆಕ್ರೆಟರಿ ಸಾಹೇಬರು ತುದಿಗಾಲಲ್ಲಿ ನನ್ನ ಹತ್ತಿರ ಬಂದು ತುಟಿಯ ಮೇಲೆ ಬೆರಳಿಟ್ಟರು.

"ಲೋಟದ ಸದ್ದು ಮಾಡಬೇಡಪ್ಪಾ. ಓದ್ತಾ ಇದಾರೆ."