ಬಿಚ್ಚದ ಪದರು, ಬಿಚ್ಚಿದ ಬಾಯಿ

ಪರೋಟಾ ಮಾಡುವುದರಲ್ಲಿ ಅಂಥದ್ದೇನಿದೆ? ಮೈದಾ, ಉಪ್ಪು, ನೀರು, ಎಣ್ಣೆ. ನಾಲ್ಕೇ ಸಾಮಾನು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದವನಿಗೆ, ಎಂಥೆಂಥ ಸಮಾಸಗಳನ್ನು ಬಿಡಿಸಿ ಎಸೆದವನಿಗೆ, ಒಂದು ಮೈದಾದ ಉಂಡೆಯ ಪದರು ಬಿಡಿಸುವುದು ಯಾವ ದೊಡ್ಡ ಕೆಲಸ? ಹೀಗೆಂದು ನಾನು ಹೇಳಿದ್ದು ನಿಜ. ಬೆಳಗಾವಿಯ ನಮ್ಮ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಟ್ಟಿ ದನಿಯಲ್ಲಿ, ಸಾಕ್ಷಿದಾರರ ಸಮಕ್ಷಮ ಹೇಳಿದ್ದೆ. ಸಾಕ್ಷಿದಾರರು ಎಂದರೆ ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಆದರೆ ಅವಳೊಬ್ಬಳು ಹತ್ತು ಜನಕ್ಕೆ ಸಮ!

ನನಗೆ ಸಿಟ್ಟು ಜಾಸ್ತಿ. ಇದನ್ನು ಬರೆಯುವಾಗಲೂ ಅದು ಇಳಿದಿಲ್ಲ. ಪರೋಟಾದ ಮೇಲೆ ಸಿಟ್ಟು. ಅದನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮನ ಮೇಲೆ ಸಿಟ್ಟು. ಮೊಬೈಲಿನಲ್ಲಿ 'ಬಹಳ ಸುಲಭ ಸ್ನೇಹಿತರೇ' ಎಂದು ಹಲ್ಲು ಕಿರಿದವನು ಎದುರಿಗೆ ಸಿಕ್ಕರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ನಡೆದದ್ದು ಇಷ್ಟು. ಗಿರಿಜಾಳ ತಮ್ಮ ಮಹೇಶ ಖಾನಾಪುರದಲ್ಲಿ ಪಂಪು ರಿಪೇರಿ ಅಂಗಡಿ ಇಟ್ಟಿದ್ದಾನೆ. ವಯಸ್ಸು ಮೂವತ್ತಾರು. ಕೈ ತುಂಬ ಕೆಲಸ, ಚಟ ಯಾವುದೂ ಇಲ್ಲ, ಆದರೆ ಮಾತೂ ಇಲ್ಲ. ಎಂಟು ವರ್ಷಗಳಲ್ಲಿ ನಾಲ್ಕು ಮನೆಯವರು ಬಂದು ನೋಡಿಹೋಗಿದ್ದರು. ನಾಲ್ವರದೂ ಒಂದೇ ತಕರಾರು: "ಹುಡುಗ ಬಾಯಿನ ಬಿಚ್ಚೂದಿಲ್ಲಲ್ರಿ!" ಈಗ ಐದನೆಯ ಸಂಬಂಧ ಬಂದಿತ್ತು. ಹುಡುಗಿಯವರೂ ಖಾನಾಪುರದವರೇ, ನಮ್ಮ ಹಾಗೆ ಲಿಂಗಾಯತರೇ, ಮನೆಯಲ್ಲಿ ಮಾತ್ರ ಮರಾಠಿ ಮಾತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಉಳಿದದ್ದು ಹಿರಿಯರ ಮಾತುಕತೆ. ನನ್ನ ಅತ್ತೆ ಮಾವ ತೀರಿಕೊಂಡಿದ್ದರಿಂದ ಭಾನುವಾರ ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೇ ಬರಬೇಕೆಂದು ಗೊತ್ತಾಯಿತು. ಈ ಸಂಬಂಧವೂ ತಪ್ಪಿದರೆ ಮಹೇಶ ಇನ್ನು ಲಗ್ನದ ಮಾತನ್ನೇ ಎತ್ತಬೇಡಿ ಎನ್ನುತ್ತಾನೆ ಎಂದು ಗಿರಿಜಾ ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

"ಪದರಿನ ಚಪಾತಿ, ಎಣಗಾಯಿ, ಶೇಂಗಾ ಹಿಂಡಿ ಮಾಡತೇನಿ" ಎಂದಳು.

"ಚಪಾತಿ? ಬೀಗರಾಗೂ ಮಂದಿಗೆ ಚಪಾತಿ ಹಾಕತೀಯೇನ? ಅದನ್ನ ಅವರು ದಿನಾ ತಿಂತಾರ. ಪರೋಟಾ ಮಾಡೂಣು. ನಮ್ಮ ಓಣಿ ತುದಿಗೆ ಗಾಡಿಯವ ಮಾಡತಾನಲ್ಲ, ಹಂತಾದ್ದು! ಏನ್ ಪದರು, ಏನ್ ಪದರು!"

"ನನ್ನ ಚಪಾತ್ಯಾಗ ಪದರಿಲ್ಲೇನ್ರಿ?"

ಇಲ್ಲಿ ಬುದ್ಧಿ ಇದ್ದ ಗಂಡ ಸುಮ್ಮನಿರುತ್ತಾನೆ. ನಾನು ಎಣಿಸಿ ಹೇಳಿದೆ.

"ಮೂರ ಅದಾವ. ಮೂರಕ್ಕ ಯಾರರೆ ಪದರು ಅಂತಾರ?"

ಗಿರಿಜಾ ಲಟ್ಟಣಿಗೆಯನ್ನು ನನ್ನ ಕೈಗೆ ಕೊಟ್ಟಳು. "ಬರೋಬ್ಬರಿ. ನೀವ ಮಾಡ್ರಿ. ನನ್ನ ತಮ್ಮನ ಲಗ್ನ ನಿಮ್ಮ ಕೈಯಾಗ ಐತಿ. ನೆನಪ ಇಟಗೋರಿ" ಎಂದು ಹೊರಗೆ ಹೋದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎರಡು ಕಿಲೋ ಮೈದಾ ತಂದೆ. ಉಣ್ಣುವವರು ಐದೇ ಜನ!

ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು, ಲುಂಗಿ ಎತ್ತಿ ಕಟ್ಟಿ ರಣರಂಗಕ್ಕೆ ಇಳಿದೆ. ಮೊಬೈಲಿನಲ್ಲಿ ಪರೋಟಾದ ವಿಡಿಯೊ ಹಚ್ಚಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ. 'ಹಿಟ್ಟು ಮೃದುವಾಗಿ ಕಲಸಿ ಸ್ನೇಹಿತರೇ' ಎಂದ ಅವನು. ಮೃದು ಎಂದರೆ ಎಷ್ಟು? ಅದಕ್ಕೆ ಒಂದು ಅಳತೆ ಬೇಡವೇ? ನೀರು ಹಾಕಿದೆ, ಅಂಬಲಿಯಾಯಿತು. ಮೈದಾ ಹಾಕಿದೆ, ಕಲ್ಲಾಯಿತು. ಮತ್ತೆ ನೀರು, ಮತ್ತೆ ಮೈದಾ. ಹೀಗೆ ನಡೆದು ನಡೆದು ಎರಡು ಕಿಲೋ ಪೂರ್ತಿ ಮುಗಿದದ್ದರಿಂದ ಕಲಸುವುದನ್ನು ನಿಲ್ಲಿಸಿದೆ. 'ಈಗ ಎಣ್ಣೆ ಹಚ್ಚಿ ನಾಲ್ಕು ತಾಸು ನೆನೆಯಲು ಬಿಡಿ' ಎಂದ. ನಾಲ್ಕು ತಾಸು! ಬೀಗರು ಬರಲು ಎರಡು ತಾಸು ಉಳಿದಿತ್ತು. ಮೊದಲೇ ಹೇಳಲು ಅವನಿಗೇನು ರೋಗ? ಮುಕ್ಕಾಲು ತಾಸು ಸಾಕೆಂದು ನಾನೇ ತೀರ್ಮಾನಿಸಿದೆ.

ಅಷ್ಟರಲ್ಲಿ ಮಹೇಶ ಖಾನಾಪುರದ ಬಸ್ಸಿಗೆ ಬಂದು ಇಳಿದ. ಇಸ್ತ್ರಿ ಮುರಿಯದ ಹೊಸ ಬಿಳಿ ಅಂಗಿ. ಬಸ್ಸಿನಲ್ಲಿ ಒರಗಿದರೆ ಮುದುಡೀತೆಂದು ಇಡೀ ದಾರಿ ನಿಂತೇ ಬಂದಿದ್ದನಂತೆ. ಅಡುಗೆಮನೆಗೆ ಬಂದು ನನ್ನನ್ನೂ ಹಿಟ್ಟನ್ನೂ ನೋಡಿದ. ಏನೂ ಹೇಳಲಿಲ್ಲ.

ಆಗ ನಾನು ಬೀಸುವ ಹಂತದಲ್ಲಿದ್ದೆ. ಗಾಡಿಯವನು ಉಂಡೆಯನ್ನು ತಟ್ಟಿ, ಅಂಚು ಹಿಡಿದು, ಧೋತರ ಜಾಡಿಸಿದಂತೆ ಬೀಸಿ ಬೀಸಿ ಹಾಳೆಯಷ್ಟು ತೆಳ್ಳಗೆ ಮಾಡುತ್ತಾನೆ. ನಾನೂ ಬೀಸಿದೆ. ಹಿಟ್ಟು ಹಿಗ್ಗಲಿಲ್ಲ. ಸಿಟ್ಟು ಬಂತು. ಜೋರಾಗಿ ಬೀಸಿದೆ. ಅಂಚು ನನ್ನ ಕೈಯಲ್ಲಿ ಉಳಿಯಿತು, ಉಳಿದದ್ದು ಹಾರಿಹೋಗಿ ಮಹೇಶನ ಎದೆಗೆ ಫಟ್ ಎಂದು ಬಡಿಯಿತು! ಎಣ್ಣೆಯಲ್ಲಿ ನೆನೆದ ಹಿಟ್ಟು. ಬಿಳಿ ಅಂಗಿ. ಮಹೇಶ ಅದನ್ನು ನಿಧಾನವಾಗಿ ಕಿತ್ತು ಪರಾತದಲ್ಲಿ ಇಟ್ಟ. ಆಗಲೂ ಏನೂ ಹೇಳಲಿಲ್ಲ.

"ಅಯ್ಯ ಶಿವನ! ಇದನ್ನ ಹಾಕ್ಕೊಂಡು ಕುಂದರತಾನೇನ್ರಿ ಅವ?" ಎಂದು ಗಿರಿಜಾ ಚೀರಿದಳು.

"ಅವಗ ಅಡ್ಡ ನಿಲ್ಲಂತ ಯಾರ ಹೇಳಿದ್ರು?" ಎಂದೆ ನಾನು. ತಪ್ಪು ನನ್ನದಾದಾಗ ನನ್ನ ದನಿ ಯಾವಾಗಲೂ ಏರುತ್ತದೆ.

ಕಡೆಗೆ ನನ್ನ ಅಂಗಿ ಕೊಟ್ಟೆವು. ನಾನು ಸ್ವಲ್ಪ ದಪ್ಪ. ಅದರೊಳಗೆ ಇನ್ನೊಬ್ಬ ಮಹೇಶ ಹಿಡಿಸುತ್ತಿದ್ದ.

ಹನ್ನೆರಡೂವರೆಗೆ ಬೀಗರು ಬಂದರು. ಹುಡುಗಿಯ ತಂದೆ ಗಂಭೀರ ಮನುಷ್ಯ, ಟೊಪ್ಪಿಗೆ, ಹಣೆಯ ಮೇಲೆ ಮೂರು ಬೆರಳ ವಿಭೂತಿ. ತಾಯಿ ತಲೆಯ ಮೇಲೆ ಸೆರಗು ಹೊದ್ದ ಶಾಂತ ಮುಖದ ಹೆಣ್ಣುಮಗಳು. "ಶರಣ್ರಿ, ಶರಣ್ರಿ" ಎಂದು ಗಿರಿಜಾ ಕೂರಿಸಿದಳು. ಇಬ್ಬರೂ ಚೊಕ್ಕ ಕನ್ನಡದಲ್ಲಿ ಮಾತಾಡುತ್ತಿದ್ದುದು ಒಳಗಿದ್ದ ನನಗೂ ಕೇಳುತ್ತಿತ್ತು. ಈ ಮಾತನ್ನು ನೆನಪಿಡಬೇಕು. ನಾನು ನೆನಪಿಡಲಿಲ್ಲ.

ಒಳಗೆ ನನ್ನ ಪರೋಟಾ ಹಂಚಿನ ಮೇಲಿತ್ತು. ಬೀಸುವುದು ಆಗದ್ದರಿಂದ ಲಟ್ಟಿಸಿ, ಮಡಚಿ, ಸುರುಳಿ ಸುತ್ತಿ, ಮತ್ತೆ ಲಟ್ಟಿಸಿದ್ದೆ. ಕೆಂಪಗೆ ಬೆಂದಿತ್ತು. ಇನ್ನು ಉಳಿದದ್ದು ಒಂದೇ: ಎರಡೂ ಬದಿಯಿಂದ ಅಂಗೈಗಳಲ್ಲಿ ಹೊಡೆದರೆ ಪದರು ಬಿಚ್ಚಿಕೊಳ್ಳುತ್ತವೆ. ಗಾಡಿಯವನು ಎರಡೇ ಏಟಿಗೆ ಬಿಚ್ಚುತ್ತಾನೆ. ನಾನು ಹೊಡೆದೆ. ಕೈ ಸುಟ್ಟಿತು, ಪದರು ಬಿಚ್ಚಲಿಲ್ಲ. ಮತ್ತೆ ಹೊಡೆದೆ. ಹತ್ತು, ಹದಿನೈದು, ಇಪ್ಪತ್ತು! ಪಟ್ ಪಟ್ ಪಟ್ ಪಟ್!

ಹೊರಗೆ ಹುಡುಗಿಯ ತಂದೆ ಕೇಳಿದರು. "ಒಳಗ ಭಜನಿ ನಡದೈತೇನ್ರಿ?"

"ಹೌದ್ರಿ... ಬಾಜೂ ಮನ್ಯಾಗ" ಎಂದಳು ಗಿರಿಜಾ.

ನನ್ನ ಸಿಟ್ಟು ನೆತ್ತಿಗೇರಿತು. ಪರೋಟಾ ಸ್ಲೇಟಿನ ಹಾಗೆ ಒಂದೇ ತುಂಡಾಗಿ ನನ್ನನ್ನೇ ನೋಡುತ್ತಿತ್ತು. ಆಗ ಹೊಳೆಯಿತು: ಹುಡುಗಿಯ ತಾಯಿ ಅಡುಗೆಯಲ್ಲಿ ಬಹಳ ಗಟ್ಟಿ ಎಂದು ಕೇಳಿದ್ದೆನಲ್ಲ! ಅವರನ್ನೇ ಕೇಳಿದರಾಯಿತು. ಅದೂ ಅವರ ಮನೆಮಾತಿನಲ್ಲೇ ಕೇಳಿದರೆ ಎಷ್ಟು ಸಂತೋಷಪಟ್ಟಾರು! ನನ್ನ ಮರಾಠಿ ಬಸ್ ಕಂಡಕ್ಟರರಿಂದ ಮತ್ತು ಕಾಯಿಪಲ್ಯ ಮಾರುವವರಿಂದ ಕಲಿತದ್ದು. ತಿಳಿಯದ ಕಡೆ ಕನ್ನಡದ ಪದವನ್ನೇ ಸ್ವಲ್ಪ ತಿರುಚಿ ಹಾಕುತ್ತೇನೆ. ಆದರೆ ಈ ಸಲ ತಿರುಚುವ ಅಗತ್ಯವೇ ಇರಲಿಲ್ಲ. ಕನ್ನಡದಲ್ಲಿ ಪದರು, ಮರಾಠಿಯಲ್ಲಿ ಪದರ. ಬಿಚ್ಚಿಕೊಳ್ಳುವುದಕ್ಕೆ 'ಸುಟಣೆ'. ವಾಕ್ಯ ಸಿದ್ಧವಾಯಿತು.

ಪರೋಟಾವನ್ನು ಹಂಚಿನ ಮೇಲೆಯೇ ಬಿಟ್ಟು, ಎತ್ತಿ ಕಟ್ಟಿದ ಲುಂಗಿಯಲ್ಲಿ, ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಪಡಸಾಲೆಗೆ ನುಗ್ಗಿದೆ. ಆ ತಾಯಿಯ ಎದುರಿಗೆ ನಿಂತು, ಸಿಟ್ಟಿನ ಬಿರುಸಿನಲ್ಲೇ ಕೇಳಿದೆ.

"ವಹಿನಿ, ತುಮಚಾ ಪದರ ಕಸಾ ಸುಟತೋ? ಮಾಝಾ ಸುಟತಚ ನಾಹೀ!"



ಓದುಗರಲ್ಲಿ ಮರಾಠಿ ಬಾರದವರಿಗೆ ನಾನೇ ಅರ್ಥ ಹೇಳಬೇಕಾದ ದುರ್ಗತಿ ಬಂದಿದೆ. ಮರಾಠಿಯಲ್ಲಿ ಪದರ ಎಂದರೆ ಪದರು ಹೌದು. ಆದರೆ ಅದಕ್ಕಿಂತ ಮೊದಲು ಸೀರೆಯ ಸೆರಗು! ಮಗಳ ಲಗ್ನದ ಮಾತಿಗೆ ಬಂದ ಹೆಣ್ಣುಮಗಳನ್ನು, ಅವಳ ಗಂಡನ ಎದುರಿಗೇ, 'ಅತ್ತಿಗೆ, ನಿಮ್ಮ ಸೆರಗು ಹೇಗೆ ಬಿಚ್ಚುತ್ತದೆ? ನನ್ನದು ಬಿಚ್ಚುತ್ತಲೇ ಇಲ್ಲ' ಎಂದು ನಾನು ಕೇಳಿದ್ದೆ. ಪರೋಟಾ ಎಂಬ ಶಬ್ದ ನನ್ನ ಬಾಯಿಂದ ಬಂದೇ ಇರಲಿಲ್ಲ!

ಆ ತಾಯಿ ಎರಡೂ ಕೈಯಿಂದ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ತಂದೆ ಎದ್ದು ನಿಂತರು. "ಏನಂದ್ರಿ ಸರ್?"

ಅವರ ದನಿ ಕೇಳಿ ನನಗೆ ಇನ್ನೂ ಸಿಟ್ಟು ಬಂತು. ನನ್ನ ವಾಕ್ಯದಲ್ಲಿ ಕರ್ತೃ ಇದೆ, ಕ್ರಿಯಾಪದ ಇದೆ, ಮತ್ತೇನು ಬೇಕು? ಬಿಡಿಸಿ ಹೇಳಲು ಹೋದೆ. ಕೈಯಾಡಿಸಿ ತೋರಿಸುತ್ತ ಹೇಳಿದೆ.

"ದೋನ ಹಾತಾನೀ ಜೋರಾತ ಮಾರಲಂ! ತರೀ ಸುಟಲಾ ನಾಹೀ! ತ್ಯಾ ಗಾಡೀವಾಲ್ಯಾಚಾ ಬಘಾ, ಲಗೇಚ ಸುಟತೋ!"

ಅಂದರೆ, ಎರಡೂ ಕೈಯಿಂದ ಜೋರಾಗಿ ಹೊಡೆದೆ, ಆದರೂ ಬಿಚ್ಚಲಿಲ್ಲ, ಆ ಗಾಡಿಯವನದು ನೋಡಿ, ತಕ್ಷಣ ಬಿಚ್ಚುತ್ತದೆ!

"ನಡಿ, ಏಳು. ಇಂಥಾ ಮನ್ಯಾಗ ನೀರ ಸುದ್ದಾ ಕುಡ್ಯೂದ ಬ್ಯಾಡ" ಎಂದು ತಂದೆ ಹೆಂಡತಿಗೆ ಹೇಳಿ ಚಪ್ಪಲಿಯ ಕಡೆ ಹೊರಟರು.

ಆಗ ಮಹೇಶ ಎದ್ದ. ನನ್ನ ಅಂಗಿಯ ತೋಳುಗಳು ಅವನ ಬೆರಳ ತುದಿಯವರೆಗೆ ಇಳಿದಿದ್ದವು. ಅವನ್ನು ಮೇಲಕ್ಕೆ ಸರಿಸಿ, ನಾನು ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕೇಳದ ದನಿಯಲ್ಲಿ ಗುಡುಗಿದ.

"ದಾಜೀ! ಬಾಯಿ ಮುಚ್ಚರಿ! ಎಂಟ ವರ್ಷಾತು ನನ್ನ ಲಗ್ನದ ಮಾತು ನಡದು. ನಾಲ್ಕ ಮಂದಿ ಬ್ಯಾಡ ಅಂದ ಹೋದ್ರು, ನಾ ಏನರೆ ಅಂದ್ನೇನು? ಅಂಗಿ ಹಾಳ ಮಾಡಿದ್ರಿ, ಏನರೆ ಅಂದ್ನೇನು? ಈಗ ನಮ್ಮ ಅತ್ತಿ ಆಗಾವ್ರನ್ನ ಸೆರಗಿನ ಮಾತ ಕೇಳತೀರಿ? ಮಾವಾರ, ಇವರು ಪರೋಟಾದ ಪದರ ಕೇಳಾಕತ್ತಾರ್ರಿ! ಮನಸ್ಸಿನಾಗ ಏನೂ ಇಲ್ಲ, ತಲ್ಯಾಗೂ ಏನೂ ಇಲ್ಲ! ನಿಮಗ ಅವಮಾನ ಆಗಿದ್ರ ನಾ ಕೈ ಮುಗೀತೇನಿ. ನಿಮ್ಮ ಮಗಳನ್ನ ನಾ ಮನಸಾರೆ ಒಪ್ಪೇನಿ. ಇವರ ಸಲುವಾಗಿ ನನ್ನ ಬಿಟ್ಟ ಹೋಗಬ್ಯಾಡ್ರಿ!"

ಅಷ್ಟು ಹೇಳಿ ಅವನಿಗೇ ಉಸಿರು ಸಾಲಲಿಲ್ಲ. ಗಿರಿಜಾ ಒಳಗೋಡಿ ಪರೋಟಾವನ್ನು ತಾಟಿನಲ್ಲಿ ತಂದು ಸಾಕ್ಷ್ಯವಾಗಿ ಮುಂದಿಟ್ಟಳು. "ಇದರದ್ರಿ! ಇದರ ಪದರ!"

ಹುಡುಗಿಯ ತಂದೆ ತಿರುಗಿ ಬಂದು ಅದನ್ನು ಎತ್ತಿಕೊಂಡರು. ಮಡಚಲು ನೋಡಿದರು. ಮಡಚಲಿಲ್ಲ. ಟೀಪಾಯಿಗೆ ಬಡಿದರು. ಟಕ್ ಎಂದಿತು. ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಗಬ್ಯಾಡ" ಎಂದರು ತಂದೆ. ಆಮೇಲೆ ಮಹೇಶನನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಗ ಮೂಕ ಅದಾನ ಅಂತ ಮಂದಿ ಹೇಳಿದ್ರು. ಅದನ್ನ ಪರೀಕ್ಷಾ ಮಾಡಾಕಂತನ ನಾ ಬಂದಿದ್ದೆ. ಮಾತ ಬರತೈತಿ. ಬರೇ ಬರೂದಲ್ಲ, ಛಲೋ ಬರತೈತಿ!" ಎಂದು ಟೊಪ್ಪಿಗೆ ತೆಗೆದು ಕುಳಿತರು.

ಗಿರಿಜಾ ನಸುಕಿನಲ್ಲೇ ಎದ್ದು ಇಪ್ಪತ್ತು ಚಪಾತಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಎಣಗಾಯಿ ಸಮೇತ ದೇವರ ಕೋಣೆಯಲ್ಲಿ ಅಡಗಿಸಿಟ್ಟಿದ್ದಳು ಎಂಬುದು ಆಗ ಬಯಲಾಯಿತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ಅವಳಿಗೆ ನನ್ನ ಮೇಲಿದ್ದ ನಂಬಿಕೆ ಇಷ್ಟು! ಆ ಸಿಟ್ಟಿನಲ್ಲಿ ಐದು ಚಪಾತಿ ತಿಂದೆ. ಎದುರಿಗೆ ಕುಳಿತಿದ್ದ ಹುಡುಗಿಯ ತಾಯಿ ಒಂದು ಚಪಾತಿಯನ್ನು ಎತ್ತಿ, ಒಂದೇ ಬೆರಳಿಂದ ಬಿಡಿಸಿ ತೋರಿಸಿದರು. "ಸರ್, ಪದರು ಹಿಂಗ ಬಿಚ್ಚತಾವ ನೋಡ್ರಿ. ಹೊಡ್ಯೂದ ಬೇಕಾಗೂದಿಲ್ಲ" ಎಂದರು. ಅದೂ ಶುದ್ಧ ಕನ್ನಡದಲ್ಲಿ!

ಊಟವಾದ ಮೇಲೆ ಎಲೆ ಅಡಿಕೆ ಮುಂದಿಟ್ಟು ಮಾತು ಮುಗಿಸಿದರು. ಹುಡುಗಿಯ ತಂದೆ ಗಂಭೀರವಾಗಿ ಹೇಳಿದರು. "ನಮ್ಮದೇನ ಭಾಳ ಕೇಳೂದಿಲ್ಲ. ಎರಡ ಕರಾರು. ಲಗ್ನದಾಗ ಸರ್ ಅಡಗಿ ಮಾಡೂ ಕಡೆ ಹಾಯಬಾರದು. ಮತ್ತ ಮರಾಠಿ ಮಾತಾಡಬಾರದು."

"ಆತ್ರಿ" ಎಂದಳು ಗಿರಿಜಾ, ನನ್ನನ್ನು ಒಂದು ಮಾತೂ ಕೇಳದೆ.

"ಬೇಕಾದ್ರ ನಾ ಬರದ ಕೊಡತೇನ್ರಿ" ಎಂದ ಮಹೇಶ. ಮಾತು ಬಂದದ್ದೇ ತಡ, ಅವನಿಗೆ ನಿಲ್ಲಿಸುವುದೇ ಗೊತ್ತಾಗುತ್ತಿರಲಿಲ್ಲ.

ನನ್ನ ಮನೆಯಲ್ಲಿ, ನನ್ನ ಅಂಗಿ ತೊಟ್ಟು, ನನಗೇ ಕರಾರು! ಎದ್ದು ನಿಂತು, ಮರೆಯದಂಥ ಒಂದು ಉತ್ತರ ಕೊಡಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಗಿರಿಜಾ ನನ್ನ ಪರೋಟಾದ ಒಂದು ಚೂರನ್ನು ಬಾಯಿಗೆ ತುರುಕಿದಳು. ಮೊದಲು ಇದನ್ನು ಮುಗಿಸಿ ಆಮೇಲೆ ಮಾತಾಡೋಣವೆಂದು ಅಗಿಯತೊಡಗಿದೆ. ಅಗಿದೆ, ಅಗಿದೆ. ನುಂಗಿ ಬಾಯಿ ಖಾಲಿ ಮಾಡಿಕೊಳ್ಳುವಷ್ಟರಲ್ಲಿ ಬೀಗರು ಖಾನಾಪುರ ಮುಟ್ಟಿ ಫೋನು ಮಾಡಿದ್ದರು!