ನಾನು ಜರುಗಿಸಿದ ಮನೆ

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸು, ಶ್ರದ್ಧಾಂಜಲಿ, ಯಾವುದಕ್ಕೂ ನಾನು ಹಿಂಜರಿದವನಲ್ಲ. ನೆಮ್ಮಾರಿನ ನಾಗೇಶಣ್ಣ ಬಂದು, ತಾಯಿಯ ಉತ್ತರಕ್ರಿಯೆಯ ಕಾರ್ಡಿನ ಹಿಂದೆ ಮನೆಗೆ ಬರುವ ದಾರಿಯ ನಕ್ಷೆ ಬೇಕೆಂದಾಗಲೂ ಧೈರ್ಯವಾಗಿ ಒಪ್ಪಿಕೊಂಡೆ. ನಕ್ಷೆಯೆಂದರೇನು? ನಾಲ್ಕು ಗೀಟು, ಒಂದು ಬಾಣ!

"ಅಲ್ಲಿ ಮೊಬೈಲ್ ಸಿಗೂದಿಲ್ಲ ಮಾರಾಯ್ರೆ. ಅಮ್ಮ ಊರಿಗೆಲ್ಲ ಬಡಿಸಿದವಳು. ಅವಳ ಊಟಕ್ಕೆ ಬಂದವರು ದಾರಿ ತಪ್ಪಿ ಹಸ್ಕೊಂಡು ವಾಪಸ್ ಹೋಗ್ಬಾರ್ದು," ಎಂದು ಅವರು ಕಣ್ಣೊರೆಸಿಕೊಂಡರು.

ಮೊದಲ ಕರಡಿನಲ್ಲಿ ಶಾಸ್ತ್ರೋಕ್ತವಾಗಿ ಉತ್ತರ ದಿಕ್ಕನ್ನು ಮೇಲಿಟ್ಟೆ. ನಾಗೇಶಣ್ಣ ಹಾಳೆಯನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು, ಕೊನೆಗೆ ತಾವೇ ಎದ್ದು ಮೇಜಿನ ಆಚೆ ಹೋಗಿ ನಿಂತರು. "ಜನ ಬರೋದು ಶೃಂಗೇರಿಯಿಂದ. ಶೃಂಗೇರಿ ಕೆಳಗಿರ್ಲಿ." ಇಳಿಸಿದೆ. ಎರಡನೆಯದರಲ್ಲಿ ಸೇತುವೆ ಮರೆತಿದ್ದೆ. ಕೂತಲ್ಲೇ ಕಟ್ಟಿಕೊಟ್ಟೆ!

ಮೂರನೆಯದರಲ್ಲಿ ಅವರ ಬೆರಳು ಕವಲುದಾರಿಯ ಎಡಕ್ಕಿದ್ದ ಚೌಕದ ಮೇಲೆ ನಿಂತಿತು.

"ಇದು ಎಂತ?"

"ನಿಮ್ಮ ಪಕ್ಕದ ಮನೆ. ಗುರುತಿಗಿರಲಿ ಅಂತ ಹಾಕಿದೆ."

"ಗೋಪಾಲಂದು. ತೆಗೀರಿ."

ಬೇಲಿಯ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರಂತೆ. ತೆಗೆದೆ. ಆ ಜಾಗ ಬೋಳುಬೋಳಾಯಿತು. ನನ್ನ ಕಲಾದೃಷ್ಟಿ ಅದನ್ನು ಹೇಗೆ ಸಹಿಸೀತು? ಬಲಮೂಲೆಯಲ್ಲಿ ಒತ್ತಿಕೊಂಡಿದ್ದ ನಾಗೇಶಣ್ಣನ ಮನೆಯನ್ನು ಮೆಲ್ಲಗೆ ಎಡಕ್ಕೆ ಜರುಗಿಸಿದೆ.

"ಮನೆ ಜರುಗ್ಸಿದ್ರೆ ಜನ ಎಲ್ಲಿಗೆ ಹೋಗ್ಬೇಕ್ರೀ?" ಎಂದಳು ಹಿಂದಿನಿಂದ ಇಣುಕಿದ ನನ್ನ ಹೆಂಡತಿ.

"ನಕ್ಷೆ ಅಂದ್ರೆ ಅಂದಾಜು ಕಣೇ!"

ನಾಗೇಶಣ್ಣ, ಗೋಪಾಲಣ್ಣನ ಮನೆ ಹೋಯಿತೇ ಎಂದಷ್ಟೇ ನೋಡಿ ಒಪ್ಪಿದರು. ಕಾರ್ಡು ಅಚ್ಚಾಯಿತು.

ಕ್ರಿಯೆಯ ದಿನ ನಾನೂ ನನ್ನದೇ ನಕ್ಷೆ ಹಿಡಿದು ಹೋದೆ. ಕವಲಿನಲ್ಲಿ ಎಡಕ್ಕೆ ತಿರುಗಿದರೆ ಅಂಗಳದ ತುಂಬ ಕಾರು, ಜಗಲಿಯ ತುಂಬ ಜನ. ಗೆದ್ದೆ ಎಂದುಕೊಂಡೆ. ಆದರೆ ಅಡುಗೆಯ ವಾಸನೆಯೇ ಇಲ್ಲ! ಮನೆಯ ಯಜಮಾನರು ಬಂದವರಿಗೆಲ್ಲ ನೀರು ಕೊಡುತ್ತಿದ್ದರು.

"ಎಲ್ರೂ ಈ ಕಾರ್ಡು ಹಿಡ್ಕೊಂಡು ಇಲ್ಲಿಗೇ ಬರ್ತಿದಾರೆ. ಯಾವ ಪುಣ್ಯಾತ್ಮ ಬರೆದದ್ದು ಮಾರಾಯ್ರೆ?"

ಅವರೇ ಗೋಪಾಲಣ್ಣ.

"ಶೃಂಗೇರಿಯವನಂತೆ," ಎಂದೆ.

ಅವರು ಎಲ್ಲರನ್ನೂ ಬೇಲಿಯ ಗೇಟಿನವರೆಗೆ ಕರೆದೊಯ್ದು ಆಚೆ ದಾಟಿಸತೊಡಗಿದರು. ತೀರಿಹೋದವರ ಅಕ್ಕ, ನರಸಿಂಹರಾಜಪುರದಿಂದ ಬಂದಿದ್ದ ಅಜ್ಜಿ, ಮಾತ್ರ ಜಗಲಿಯಿಂದ ಏಳಲಿಲ್ಲ.

"ಗೋಪಾಲ, ನೀನು ಬರೂದಿಲ್ವಾ?"

"ಸಾವಿಗೆ ಯಾರೂ ಕರೀಬೇಕಂತಿಲ್ಲ ಅಮ್ಮ. ಹೋದೆ, ಹೆಗಲು ಕೊಟ್ಟೆ. ಊಟಕ್ಕೆ ಕರೀದೆ ಹೆಂಗೆ ಹೋಗ್ಲಿ?"

"ಹಂಗಾದ್ರೆ ನಾನೂ ಇಲ್ಲೇ ಕೂರ್ತೀನಿ."

ಆಚೆ ಎಲೆ ಹಾಕಿಯಾಗಿತ್ತು. ಹಿರಿಯರಾದ ಅಜ್ಜಿ ಬಾರದೆ ಬಡಿಸುವಂತಿಲ್ಲ. ತಾಯಿಯ ಊಟಕ್ಕೆ ಬಂದವರು ಹಸಿದು ಕೂತಿದ್ದರು, ನನ್ನಿಂದ! ನನಗೆ ಅಳುವೇ ಬಂತು. ಕೊನೆಗೆ ನಾಗೇಶಣ್ಣ ಗೇಟಿನ ಬಳಿ ಬಂದರು.

"ಊಟಕ್ಕೆ ಬಾ," ಎಂದರು, ಬೇಲಿಯನ್ನೇ ನೋಡುತ್ತ.

ಗೋಪಾಲಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು, ಅಜ್ಜಿಯ ಕೈ ಹಿಡಿದು ಹೊರಟರು. ನಾಗೇಶಣ್ಣನೇ ಅವರ ಎಲೆಗೆ ಬಡಿಸಿದರು. ಅನ್ನ ಆರಿತ್ತು.

ಕೈ ತೊಳೆಯುವಾಗ ನಾಗೇಶಣ್ಣ ನನ್ನ ಬಳಿ ಬಂದರು. "ವರ್ಷಾಂತಿಕದ ಕಾರ್ಡೂ ನೀವೇ ಮಾಡಿ."

ನನ್ನ ಎದೆ ಉಬ್ಬಿತು.

"ನಕ್ಷೆ ಬೇಡ. ಕವಲಲ್ಲಿ ಗೋಪಾಲ ನಿಲ್ತಾನೆ."

ಅದು ಕೊನೆಯ ತಿದ್ದುಪಡಿ. ಇಡೀ ಕೆಲಸದಲ್ಲಿ ತಪ್ಪಿಲ್ಲದೆ ಬಂದದ್ದು ಅದೊಂದೇ!