ಮಾವನವರ ಭಕ್ತಿತಕ್ಕಡಿ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಎರಡನೆಯ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರೇ ಮಾವ ಹಾಲ್‌ನ ಮೇಜಿಗೆ ಹೊದಿಸಿದ್ದ ಹಳೆಯ ಪಂಚೆಯನ್ನು ಸರಕ್ಕನೆ ಎಳೆದರು. ಅದರ ಕೆಳಗೆ ಒಂದು ತಕ್ಕಡಿ ಇತ್ತು.

ಮುಚ್ಚಿಹೋದ ಯಾವುದೋ ದಿನಸಿ ಅಂಗಡಿಯ ಕೌಂಟರ್ ತಕ್ಕಡಿ. ಎರಡು ತಟ್ಟೆಗಳಲ್ಲಿ ಒಂದು ಮಾತ್ರ ಉಳಿದಿತ್ತು. ಇನ್ನೊಂದರ ಜಾಗದಲ್ಲಿ ತಗಡಿನ ಪುಟ್ಟ ಡಬ್ಬಿ, ಡಬ್ಬಿಯ ಸುತ್ತ ತಂತಿ, ತಂತಿಯ ಗಂಟಿನ ಮೇಲೆ ಸೀಸದ ಮುದ್ರೆ. ನಡುವೆ ಸೊನ್ನೆಯಿಂದ ನೂರರವರೆಗೆ ಅಂಕಿ ಬರೆದ ಮುಖ, ಅದಕ್ಕೊಂದು ಕೆಂಪು ಮುಳ್ಳು. ಪಕ್ಕದಲ್ಲಿ ಸೈಕಲ್ ಗಂಟೆ ಏಕಿತ್ತೋ ಆಗ ತಿಳಿಯಲಿಲ್ಲ.

ಮಾವ ಇನ್ನಾಸಪ್ಪನವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್. ಅವರು ಸಂತೆಗೆ ಕಾಲಿಟ್ಟರೆ ತಾಲ್ಲೂಕಿನ ತಕ್ಕಡಿಗಳೆಲ್ಲ ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ನಿವೃತ್ತರಾದ ಮೇಲೆ ತೂಗಲು ಬೇರೇನೂ ಸಿಗದೆ ಅಡುಗೆಮನೆಯೊಳಗೆ ನುಗ್ಗಿದರು. ಸಾರಿನ ಉಪ್ಪು ಅಳೆಯುವ ಯಂತ್ರ ಮಾಡಿದಾಗ ಅತ್ತೆ ಲೂರ್ದಮ್ಮ ಅದನ್ನು ಸಾರಿನಲ್ಲೇ ಬೇಯಿಸಿಬಿಟ್ಟರು. ಆಮೇಲೆ ಅವರ ಮಗ ಬಾಲರಾಜ್ ತೀರಿಕೊಂಡ. ಬಾಲು ನನ್ನ ಗಂಡ. ಅಲ್ಲಿಂದ ಒಂದು ವರ್ಷ ಮಾವ ಸ್ಕ್ರೂಡ್ರೈವರ್ ಮುಟ್ಟಿರಲಿಲ್ಲ. ಹಾಗಾಗಿ ಆವತ್ತು ತಕ್ಕಡಿ ಕಂಡು ಅತ್ತೆಗೆ ಒಳಗೊಳಗೆ ಸಂತೋಷವೇ ಆಗಿರಬೇಕು. ಚೆನ್ನಾಗಿ ಬೈದರು.

ಒಬ್ಬ ಕಥೋಲಿಕ ಧರ್ಮಸಭೆಯ ಬೋಧನೆಯನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾನೆ ಎಂಬುದನ್ನು ಈ ತಕ್ಕಡಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ ಎಂದು ಮಾವ ವಿವರಿಸಿದರು. ಬೆವರು ಆರಿಹೋಗುತ್ತದೆ, ನಡತೆ ಬಟ್ಟೆಯ ನೂಲಿನಲ್ಲಿ ಉಳಿಯುತ್ತದೆ. ಎಷ್ಟು ಸಲ ಒಗೆದರೂ ಹೋಗುವುದಿಲ್ಲ. ಬಟ್ಟೆಯನ್ನು ಕೊನೆಗೆ ಯಾರು ತೊಟ್ಟಿದ್ದರೋ ಅವರದೇ ನಡತೆ ಅದರಲ್ಲಿರುತ್ತದೆ. ಅದನ್ನು ತಟ್ಟೆಯ ಮೇಲಿಟ್ಟರೆ ಸಾಕು. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳುವವಳು. ಇದು ಯಾವ ಪುಸ್ತಕದಲ್ಲೂ ಇಲ್ಲ ಎಂದೆ. ಪುಸ್ತಕ ಬರೆದವರು ಯಾರೂ ಇಲಾಖೆಯಲ್ಲಿ ಕೆಲಸ ಮಾಡಿಲ್ಲ ಎಂದರು ಮಾವ.

"ಒಂದು ಕಿಲೋ ಅಂದ್ರೆ ಎಷ್ಟು ಅಂತ ಹೇಳೋಕೆ ಒಂದು ಕಲ್ಲು ಬೇಕಲ್ವೇನಮ್ಮ ಜೆಸಿಂತ? ಹಂಗೇನೇ ನೂರು ಅಂದ್ರೆ ಯಾರು ಅಂತ ಹೇಳೋಕೆ ಒಬ್ಬ ಮನುಷ್ಯ ಬೇಕು."

ಆ ಮನುಷ್ಯ ಅವರ ತಾಯಿ, ಆರೋಗ್ಯಮ್ಮಜ್ಜಿ. ಬಾಲುವಿಗಿಂತ ಎರಡು ವರ್ಷ ಮೊದಲು ತೀರಿಕೊಂಡವರು. ಮಾಂಸ ಮುಟ್ಟಬಾರದ ತಪಸ್ಸುಕಾಲದ ಶುಕ್ರವಾರ ಕನಸಿನಲ್ಲಿ ಕೋಳಿ ಬಂದರೂ ಎದ್ದು ಕೂತು ಜಪಸರ ಹಿಡಿಯುತ್ತಿದ್ದವರು. ಅವರ ಮೈಮೇಲಿದ್ದ ಬಟ್ಟೆಯೊಂದನ್ನು ಡಬ್ಬಿಯೊಳಗಿಟ್ಟು ಮುದ್ರೆ ಹಾಕಿದ್ದೇನೆ, ಇನ್ನು ಅದನ್ನು ಯಾರೂ ಬಿಚ್ಚುವಂತಿಲ್ಲ ಎಂದರು ಮಾವ. ಯಾವ ಬಟ್ಟೆ ಎಂದು ಅತ್ತೆ ಕೇಳಿದ್ದಕ್ಕೆ ಅದು ಇಲಾಖೆಯ ಗುಟ್ಟು ಎಂದರು. ಅಜ್ಜಿಯ ಸೀರೆಯ ತುಂಡಿರಬೇಕೆಂದು ನಾನು ಅಂದುಕೊಂಡೆ.

ಮೊದಲು ಮುಂದೆ ಬಂದವರು, ಪೂಜೆ ಮುಗಿಸಿ ನಮ್ಮ ಜೊತೆ ಕಾಫಿಗೆ ಬಂದಿದ್ದ ಉಪದೇಶಿ ರಾಯಪ್ಪನವರು. ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವರು, ಚರ್ಚಿನಲ್ಲಿ ಯಾರು ಆಕಳಿಸಿದರು ಎಂಬುದನ್ನು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲವರು. ಹೆಗಲ ಮೇಲಿನ ವಸ್ತ್ರ ತೆಗೆದು, ಮಡಿಸಿ, ತಟ್ಟೆಯ ಮೇಲಿಟ್ಟು ಕೈ ಕಟ್ಟಿ ನಿಂತರು. ಮುಳ್ಳು ಸ್ವಲ್ಪ ನಡುಗಿ ಹದಿನಾಲ್ಕಕ್ಕೆ ಹೋಗಿ ನಿಂತಿತು.

ರಾಯಪ್ಪನವರು ವಸ್ತ್ರವನ್ನು ಕೊಡವಿ ಇನ್ನೊಮ್ಮೆ ಇಟ್ಟರು. ಹದಿಮೂರು.

"ಕೊಡವಿದ್ರಲ್ಲ, ಅದಕ್ಕೆ ಒಂದು ಉದುರೋಯ್ತು" ಎಂದ ಬಾಗಿಲಲ್ಲಿ ನಿಂತಿದ್ದ ಚೌರಿ.

ಚೌರಿ ಬಾಲುವಿನ ಗೆಳೆಯ. ಬಾಲುವಿನ ಟೆಂಪೊವನ್ನು ಈಗ ಓಡಿಸುವವನು ಅವನೇ. ತಕ್ಕಡಿಯನ್ನು ಹೊತ್ತು ತಂದವನೂ ಅವನೇ. ಪೂಜೆಗೆ ಬರುತ್ತಾನೆ, ಆದರೆ ಸ್ವಾಮಿಗಳ ಉಪದೇಶದ ಪ್ರಸಂಗ ಶುರುವಾದೊಡನೆ ಹೊರಗೆ ಹೋಗಿ ಹೊಂಗೆಮರದ ಕೆಳಗೆ ನಿಲ್ಲುತ್ತಾನೆ. ಶುಕ್ರವಾರಗಳನ್ನು ಗುರುವಾರಗಳೆಂದು ತಿಳಿದು ಮಾಂಸ ತಿನ್ನುತ್ತಾನೆ. ಮಾವ ಅವನ ಕೈಲಿದ್ದ ಟವೆಲನ್ನು ಕಿತ್ತು, ಕನಿಷ್ಠ ಅಂಕಿ ಎಲ್ಲಿದೆಯೆಂದು ತೋರಿಸುತ್ತೇನೆ ಎಂದು ತಟ್ಟೆಯ ಮೇಲೆ ಹಾಕಿದರು.

ತೊಂಬತ್ತೊಂದು.

ರಾಯಪ್ಪನವರು ಕಾಫಿ ಕುಡಿಯದೆ ಎದ್ದುಹೋದರು.

ಮರುದಿನ ಅತ್ತೆ ಯಾರಿಗೂ ಹೇಳದೆ ತಮ್ಮ ಮುಸುಕನ್ನು ಇಟ್ಟು ನೋಡಿದರು. ಇಪ್ಪತ್ತೆರಡು. ಮದುವೆಯಾದಾಗಿನಿಂದ ಒಂದು ಭಾನುವಾರವೂ ಪೂಜೆ ತಪ್ಪಿಸದವರು ಅತ್ತೆ. ಹೆರಿಗೆಯಾದ ವಾರವೂ ಹೋಗಿದ್ದರಂತೆ, ಮಗುವನ್ನೂ ಎತ್ತಿಕೊಂಡು.

"ತಕ್ಕಡಿ ಸುಳ್ಳು ಹೇಳಲ್ಲ ಲೂರ್ದು. ಒಳಗೊಳಗೇ ಏನಾದ್ರೂ ಕೊರತೆ ಇರತ್ತೆ, ಯೋಚನೆ ಮಾಡು" ಎಂದರು ಹಿಂದಿನಿಂದ ಇಣುಕಿ ನೋಡಿದ ಮಾವ.

"ಮಾಡ್ದೆ. ನಿಮ್ ಜೊತೆ ಬಾಳ್ವೆ ಮಾಡಿದ್ದಕ್ಕೆ ಕಟ್ ಆಗಿರತ್ತೆ. ಹೋಗಿ, ತೊಂಬತ್ತೊಂದು ತಗೊಂಡೋನ ಮನೇಲಿ ಕಾಫಿ ಕುಡೀರಿ."

ಮಾವ ನಿಜವಾಗಿಯೂ ಚೌರಿಯ ಮನೆಗೆ ಹೋಗಿ ಕಾಫಿ ಕುಡಿದು ಬಂದರು. ಬರುವಾಗ ತಕ್ಕಡಿಯನ್ನು ಚರ್ಚಿಗೆ ಒಯ್ಯುವುದೆಂದು ತೀರ್ಮಾನಿಸಿದ್ದರು. ಹೆಚ್ಚು ಜನರನ್ನು ತೂಗಿದಷ್ಟೂ ದೋಷ ಗೊತ್ತಾಗುತ್ತದೆ ಎಂದು ಅವರ ವಾದ. ಆ ಮಾತು ಮಾತ್ರ ಪುಸ್ತಕದಲ್ಲೂ ಇದೆ.

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಪಕ್ಕ ಸಾಲು ನಿಂತಿತು. ಫಾದರ್ ಅಂತಪ್ಪಸ್ವಾಮಿಗಳೂ ನಗುತ್ತಾ ಕರವಸ್ತ್ರ ಕೊಟ್ಟರು. ಮೂವತ್ತೆಂಟು ಬಂದಾಗ, ಇದು ಸ್ವಲ್ಪ ಧಾರಾಳವಾಗಿಯೇ ತೋರಿಸುತ್ತಿದೆ ಎಂದು ಒಳಗೆ ಹೋದರು. ಜಪಸರದ ಸಂಘದವರು ಒಬ್ಬರೂ ಇಪ್ಪತ್ತೈದು ದಾಟಲಿಲ್ಲ. ಹೂ ಮಾರುವ ಮದಲಮ್ಮ ಜಪಸರದ ಎರಡನೆಯ ಮಣಿಗೇ ನಿದ್ದೆ ಹೋಗುವವಳು. ಆದರೆ ಊರಿನಲ್ಲಿ ಯಾರ ಹೆಣವಿದ್ದರೂ ಪಕ್ಕದಲ್ಲಿ ಕೂತಿರುವವಳು ಅವಳೇ. ಅವಳಿಗೆ ಎಂಬತ್ತನಾಲ್ಕು ಬಂತು. ಗಾನವೃಂದದಲ್ಲಿ ಹಾಡುವುದಕ್ಕಿಂತ ನಗುವುದೇ ಹೆಚ್ಚಾಗಿ ಎರಡು ಸಲ ಹೊರಗೆ ಹಾಕಿಸಿಕೊಂಡ ಹುಡುಗಿಗೆ ಎಪ್ಪತ್ತೊಂಬತ್ತು.

ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಆ ಒಂದು ವರ್ಷ ನನಗೆ ಯಾವುದೂ ಬಿಸಿ ಅನ್ನಿಸಿರಲಿಲ್ಲ, ತಣ್ಣಗೂ ಅನ್ನಿಸಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಆದರೆ ಈ ಮುಳ್ಳಿನ ರುಚಿ ನನಗೆ ಎಲ್ಲೋ ಗೊತ್ತಿದೆ ಅನ್ನಿಸಿತು. ಇದು ಯಾರನ್ನು ಇಷ್ಟಪಡುತ್ತದೆ, ಯಾರ ಮುಂದೆ ಆಕಳಿಸುತ್ತದೆ ಎಂದು ತಟ್ಟೆಗೆ ಬಟ್ಟೆ ಬೀಳುವ ಮೊದಲೇ ಊಹಿಸತೊಡಗಿದೆ. ಊಹೆ ತಪ್ಪಲಿಲ್ಲ. ಗಂಡ ಸತ್ತವಳಿಗೆ ಎಲ್ಲ ಕಡೆಯೂ ಗಂಡನೇ ಕಾಣುತ್ತಾನೆ ಎಂದುಕೊಂಡು ಸುಮ್ಮನಾದೆ.

ಊರು ಸುಮ್ಮನಾಗಲಿಲ್ಲ. ಅಂಕ ಹೆಚ್ಚು ಬಂದವರು ಏನು ಮಾಡುತ್ತಾರೆ ಎಂದು ಎಲ್ಲರೂ ಹುಡುಕಿದರು. ತಪಸ್ಸುಕಾಲದ ಐದನೆಯ ಭಾನುವಾರ ಸ್ವಾಮಿಗಳು ಪ್ರಸಂಗಕ್ಕೆಂದು ಮೈಕಿನ ಮುಂದೆ ಬಂದು ನಿಂತಾಗ ಬೆಂಚುಗಳು ಸದ್ದು ಮಾಡಿದವು. ಇಡೀ ಸಭೆ ಎದ್ದು, ಶಿಲುಬೆಯ ಗುರುತು ಮಾಡಿಕೊಂಡು, ಸಾಲಾಗಿ ಹೊರಗೆ ನಡೆದು ಹೊಂಗೆಮರದ ಕೆಳಗೆ ನಿಂತಿತು. ನೆರಳು ಸಾಲದೆ ನೂಕಾಟವಾಯಿತು. ರಾಯಪ್ಪನವರು ಬೇರಿನ ಮೇಲೆ ಕೂತು, ಹಚ್ಚದ ಬೀಡಿಯೊಂದನ್ನು ಜಪಸರದಂತೆ ಎರಡು ಬೆರಳಲ್ಲಿ ಹಿಡಿದಿದ್ದರು. ಜಪಸರದ ಸಂಘದವರು ಒಬ್ಬರ ಮುಖ ಒಬ್ಬರು ನೋಡಿ ಕಷ್ಟಪಟ್ಟು ನಗುತ್ತಿದ್ದರು. ಒಳಗೆ ಉಳಿದವನು ಚೌರಿ ಒಬ್ಬನೇ. ಮರದ ಕೆಳಗೆ ಜಾಗವಿರಲಿಲ್ಲ.

ಸ್ವಾಮಿಗಳು ಖಾಲಿ ಬೆಂಚುಗಳನ್ನು ನೋಡಿದರು, ಚೌರಿಯನ್ನು ನೋಡಿದರು. ಆಮೇಲೆ ಹೊರಗೆ ಬಂದು, ಮರದ ಪಕ್ಕ ನಿಂತಿದ್ದ ಟೆಂಪೊದ ಹಿಂಬದಿ ಹತ್ತಿ, ಪ್ರಸಂಗವನ್ನು ಅಲ್ಲಿಂದಲೇ ಮಾಡಿದರು. ಇಳಿದಾಗ ಮಾವನ ಭುಜ ಹಿಡಿದು, ಮುಂದಿನ ವಾರ ಗರಿಗಳ ಭಾನುವಾರ, ಅಷ್ಟರೊಳಗೆ ಆ ತಕ್ಕಡಿಯನ್ನು ಮುಚ್ಚಿಬಿಡಿ ಎಂದು ಮೆಲ್ಲಗೆ ಹೇಳಿದರು. ಮಾವ ವಾದ ಮಾಡಲಿಲ್ಲ.

ಮನೆಗೆ ಬಂದು, ಬಾಲುವಿನ ಅಂಗಿ ಯಾವುದಾದರೂ ಇದೆಯೇ ಎಂದು ನನ್ನನ್ನು ಕೇಳಿದರು.

ಆಗ ನನಗೂ ಅತ್ತೆಗೂ ತಿಳಿಯಿತು, ಈ ತಕ್ಕಡಿಯನ್ನು ಅವರು ಯಾರಿಗಾಗಿ ಮಾಡಿದ್ದರೆಂದು.

ಅಪ್ಪ ಮಗನಿಗೆ ಇದ್ದದ್ದು ಒಂದೇ ಜಗಳ. ಬಾಲು ಭಾನುವಾರ ಬೆಳಿಗ್ಗೆ ಟೆಂಪೊ ತೆಗೆದುಕೊಂಡು ಸುತ್ತಲಿನ ಪಾಳ್ಯಗಳಿಗೆ ಹೋಗಿ, ನಡೆಯಲಾಗದ ಮುದುಕ ಮುದುಕಿಯರನ್ನೆಲ್ಲ ತುಂಬಿಕೊಂಡು ಬಂದು ಚರ್ಚಿನ ಬಾಗಿಲಲ್ಲಿ ಇಳಿಸುತ್ತಿದ್ದ. ತಾನು ಒಳಗೆ ಬರುತ್ತಿರಲಿಲ್ಲ. ಊರನ್ನೆಲ್ಲ ಹೊಸ್ತಿಲಿಗೆ ತಂದುಬಿಟ್ಟು ತಾನು ಮಾತ್ರ ಹೊಸ್ತಿಲು ದಾಟುವುದಿಲ್ಲವಲ್ಲ ಎಂದು ಮಾವ ಕೂಗಾಡುತ್ತಿದ್ದರು. ಯಾರಾದರೂ ಗಾಡಿ ಕಾಯಬೇಕಲ್ಲ ಎಂದು ಇವನು ಹೊಂಗೆಮರದ ಕೆಳಗೆ ನಿಲ್ಲುತ್ತಿದ್ದ. ಪಾಪನಿವೇದನೆ ಮಾಡಿ ಎಷ್ಟು ಕಾಲವಾಗಿತ್ತೋ. ಮೈಸೂರಿನ ಆಸ್ಪತ್ರೆಗೆ ಸೇರಿಸಿದರೂ ಡೆಂಗ್ಯೂ ಜ್ವರ ಅವನಿಗೆ ಬಿಡುವು ಕೊಡಲಿಲ್ಲ. ಸ್ವಾಮಿಗಳು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಿಡಿದುಕೊಂಡು ಅಲ್ಲಿ ಬಸ್ಸಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಂಗಿ ನನ್ನ ಬೀರುವಿನಲ್ಲಿತ್ತು. ಒಗೆದಿರಲಿಲ್ಲ. ತಂದುಕೊಟ್ಟೆ.

"ಬೇಡ ಕಣ್ರೀ" ಎಂದರು ಅತ್ತೆ. "ಎಂಟೋ ಹತ್ತೋ ಬಂದ್ರೆ ಏನ್ ಮಾಡ್ತೀರ? ಬದುಕಿರೋತನಕ ಅದನ್ನೇ ನೆನೀತೀರ?"

"ಎಷ್ಟಾದ್ರೂ ಬರ್ಲಿ ಲೂರ್ದು. ಎಷ್ಟು ಕಮ್ಮಿ ಬಿದ್ದಿದೆ ಅಂತ ಗೊತ್ತಾದ್ರೆ ತಾನೆ ಅಷ್ಟನ್ನ ತುಂಬಿಸೋಕಾಗೋದು. ಉಪವಾಸ ಇರ್ತೀನಿ, ಪೂಜೆ ಕೊಡಿಸ್ತೀನಿ, ಜಪ ಮಾಡ್ತೀನಿ. ಲೆಕ್ಕ ಇಲ್ದೆ ಎಷ್ಟು ಅಂತ ತುಂಬಿಸ್ಲಿ? ನನಗೂ ವಯಸ್ಸಾಯ್ತು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾವ ಅಂಗಿಯನ್ನು ತಟ್ಟೆಯ ಮೇಲಿಟ್ಟು ಕೈ ಹಿಂದೆಗೆದರು.

ಮುಳ್ಳು ನಡುಗಲಿಲ್ಲ. ನೆಟ್ಟಗೆ ಹೋಗಿ ನೂರಕ್ಕೆ ಬಡಿಯಿತು. ಸೈಕಲ್ ಗಂಟೆ ಬಾರಿಸತೊಡಗಿತು. ಅದು ಅಲ್ಲಿ ಏಕಿತ್ತೆಂದು ಆಗ ತಿಳಿಯಿತು.

ಮಾವನ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ಮರುಕ್ಷಣ ಅಲ್ಲಿ ಇನ್‌ಸ್ಪೆಕ್ಟರ್ ಇದ್ದರು. ಗಂಟೆಯ ಸದ್ದಿನ ಮೇಲೆ ದನಿ ಎತ್ತರಿಸಿ, ಒಂದು ಕೂದಲೆಳೆಯೂ ಆಚೀಚೆಯಾಗದೆ ತಕ್ಕಡಿ ಸಮ ನಿಲ್ಲುವುದು ಕಲ್ಲು ತನ್ನನ್ನು ತಾನೇ ತೂಗಿಕೊಂಡಾಗ ಮಾತ್ರ ಎಂದರು. ಕತ್ತರಿ ಹುಡುಕಿ ತಂದರು. ತಾವೇ ಹಾಕಿದ ಸೀಸದ ಮುದ್ರೆಯನ್ನು ಕತ್ತರಿಸಿ ಡಬ್ಬಿ ತೆರೆದರು.

ಬಟ್ಟೆಯನ್ನು ಹೊರಗೆ ತೆಗೆದೊಡನೆ ಗಂಟೆ ನಿಂತಿತು.

ಕಂದು ಬಣ್ಣದ, ಬೆಂಕಿಪೊಟ್ಟಣದಷ್ಟು ಅಗಲದ ಎರಡು ಚೂರು, ನಡುವೆ ದಾರ. ಕಾರ್ಮೆಲ್ ಮಾತೆಯ ಹೆಸರಿನಲ್ಲಿ ನಮ್ಮವರು ಕೊರಳಿಗೆ ಹಾಕಿಕೊಳ್ಳುವ ಬಟ್ಟೆ. ಚಿತ್ರ ಅಳಿಸಿಹೋಗಿತ್ತು. ದಾರಕ್ಕೆಲ್ಲ ಟೆಂಪೊದ ಗ್ರೀಸು ಮೆತ್ತಿಕೊಂಡಿತ್ತು.

"ಇದು ಅಮ್ಮಂದೇ. ಅಮ್ಮನ ಪೆಟ್ಟಿಗೇಲೇ ಸಿಕ್ಕಿದ್ದು" ಎಂದರು ಮಾವ. ಗ್ರೀಸನ್ನು ಬೆರಳಲ್ಲಿ ಉಜ್ಜುತ್ತಿದ್ದರು.

"ಪೆಟ್ಟಿಗೇಲಿ ಇಟ್ಟಿದ್ದು ನಾನು, ಮಾವ" ಎಂದೆ. "ಟೆಂಪೊ ತಂದ ದಿನ ಅಜ್ಜಿ ತಮ್ಮ ಕೊರಳಿಂದ ತೆಗೆದು ನಿಮ್ಮ ಮಗನ ಕೊರಳಿಗೆ ಹಾಕಿದ್ರು. ಆಮೇಲೆ ಅವರು ಬಿಚ್ಚಲೇ ಇಲ್ಲ. ಆಸ್ಪತ್ರೆಯವರು ವಾಚಿನ ಜೊತೆ ಕೊಟ್ರು. ಅಜ್ಜಿದಲ್ವಾ ಅಂತ ಅಲ್ಲಿಟ್ಟೆ."

ಅಂಗಿಯ ಒಳಗೆ ಇರುತ್ತಿದ್ದುದರಿಂದ ಮಾವ ಅದನ್ನು ಕಂಡಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿದೆ ಎಂದೇ ನಾನು ತಿಳಿದಿದ್ದೆ.

ಮಾವ ಆ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು.

"ಕೊನೇ ಗಳಿಗೇಲೂ ಇತ್ತಾ?"

"ಇತ್ತು."

ಅತ್ತೆ ಸೆರಗು ಇಳಿಸಿದರು. ಕಣ್ಣು ಒರೆಸಿಕೊಂಡು, ಮಾವನ ಕೈಯಿಂದ ಆ ಬಟ್ಟೆಯನ್ನು ತೆಗೆದುಕೊಂಡು ತುಟಿಗೆ ಒತ್ತಿಕೊಂಡರು.

"ಇದನ್ನ ತೊಟ್ಕೊಂಡು ಕಣ್ಮುಚ್ಚಿದೋರನ್ನ ಮಾತೆ ತಾನೇ ಬಂದು ಕರ್ಕೊಂಡು ಹೋಗ್ತಾಳೆ ಅಂತಿದ್ರು ನಿಮ್ಮಮ್ಮ. ಅವಳೇನು ಬಸ್ಸಿಗೆ ಕಾಯ್ತಾಳಾ?"

ಮಾವ ನಕ್ಕರೋ ಅತ್ತರೋ ಹೇಳುವುದು ಕಷ್ಟ. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯನ್ನು ವಾಪಸು ಡಬ್ಬಿಯೊಳಗಿಟ್ಟರು. ಅಂಗಿ ತಟ್ಟೆಯ ಮೇಲೆಯೇ ಇತ್ತು. ಗಂಟೆ ಮತ್ತೆ ಬಾರಿಸತೊಡಗಿತು. ಯಾರೂ ಅಂಗಿ ತೆಗೆಯಲಿಲ್ಲ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವವರೆಗೂ ನಾವು ಮೂವರೂ ಅದನ್ನು ಕೇಳುತ್ತ ಕೂತೆವು. ನನಗೆ ಕಿವಿ ನೋಯುತ್ತಿತ್ತು. ನೋಯುತ್ತಿರುವುದು ಗೊತ್ತಾಗುತ್ತಿತ್ತು.

ಕಾನೂನಿನ ಪ್ರಕಾರ ತಪ್ಪು ಕಲ್ಲು ಇಟ್ಟುಕೊಂಡ ತಕ್ಕಡಿಯನ್ನು ಜಪ್ತಿ ಮಾಡಬೇಕು. ಮಾವ ಹಾಗೆ ಮಾಡಲಿಲ್ಲ. ಅದೇ ಬಟ್ಟೆಯನ್ನು ಒಳಗಿಟ್ಟು ಹೊಸ ಸೀಸದ ಮುದ್ರೆ ಹಾಕಿದರು. ಚರ್ಚಿಗೆ ಇನ್ನೆಂದೂ ಒಯ್ಯುವುದಿಲ್ಲವೆಂದು ಸ್ವಾಮಿಗಳಿಗೆ ಮಾತು ಕೊಟ್ಟರು. ಸಭೆ ಬೆಂಚುಗಳಿಗೆ ಮರಳಿತು. ರಾಯಪ್ಪನವರು ಮಾತ್ರ ಬೀಡಿಯನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡಿದ್ದಾರಂತೆ.

ಒಂದು ದಿನ ಮಾವ ತಮ್ಮ ವಸ್ತ್ರವನ್ನು ಇಟ್ಟು ನೋಡಿದರು. ಹತ್ತೊಂಬತ್ತು.

ಈಗ ಭಾನುವಾರ ಬೆಳಿಗ್ಗೆ ಚೌರಿಯ ಪಕ್ಕದ ಸೀಟಿನಲ್ಲಿ ಕೂತು ಪಾಳ್ಯಗಳಿಗೆ ಹೋಗುತ್ತಾರೆ. ಮುದುಕಿಯರನ್ನು ಕೈ ಹಿಡಿದು ಹತ್ತಿಸುತ್ತಾರೆ, ಇಳಿಸುತ್ತಾರೆ. ಮುಂಜಾನೆಯ ಮೊದಲ ಪೂಜೆಯಲ್ಲೇ ಪರಮಪ್ರಸಾದ ಮುಗಿಸಿಕೊಂಡಿರುವುದರಿಂದ ಎರಡನೆಯ ಪೂಜೆಯ ಹೊತ್ತಿಗೆ ಗಾಡಿ ಕಾಯುತ್ತ ಹೊಂಗೆಮರದ ಕೆಳಗೆ ನಿಲ್ಲುತ್ತಾರೆ. ಮನೆಗೆ ಬಂದು ವಸ್ತ್ರವನ್ನು ತಟ್ಟೆಯ ಮೇಲಿಡುತ್ತಾರೆ. ಕಳೆದ ವಾರ ಮೂವತ್ತೊಂದು ಬಂದಿತ್ತು.

ಪಾಸಾಗಲು ಇನ್ನೂ ನಾಲ್ಕು ಬೇಕು ಎಂದು ಅತ್ತೆ ಕಾಫಿ ಕೊಡುತ್ತಾ ನೆನಪಿಸುತ್ತಾರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಗ್ರೇಸ್ ಮಾರ್ಕ್ಸ್ ಕೊಡುವ ಪದ್ಧತಿ ಇಲ್ಲ.